ಚಿತ್ರ ಆಮೇಲೆ, ಮೊದಲು ಇಸವಿ: ಡಿಮೆಟ್ರಿಯಸ್‌ನ ಒಂದು ನಾಣ್ಯ

ಎಲ್ಲರಿಗೂ ನಮಸ್ಕಾರ. ನಾಣ್ಯ ಕೂಡಿಸುವವರ ಸಭೆ ಇದು. ಅಲೆಕ್ಸಾಂಡರ್ ಸತ್ತ ಮೇಲೆ ಅವನ ಸೇನಾಪತಿಗಳು ಹೇಗೆ ಕಚ್ಚಾಡಿದರು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ನೇರವಾಗಿ ಪರದೆ ಮೇಲಿರುವ ನಾಣ್ಯಕ್ಕೇ ಬರುತ್ತೇನೆ.

ಇದು ಆ ಸೇನಾಪತಿಗಳಲ್ಲೊಬ್ಬನಾದ ಆಂಟಿಗೋನಸ್‌ನ ಮಗ ಡಿಮೆಟ್ರಿಯಸ್ ಹೊಡೆಸಿದ ಬೆಳ್ಳಿ ಟೆಟ್ರಾಡ್ರಾಕ್ಮ್, ಅಂದರೆ ನಾಲ್ಕು ಡ್ರಾಕ್ಮಾದ ಗ್ರೀಕ್ ನಾಣ್ಯ. ತೂಕ ಸುಮಾರು 17 ಗ್ರಾಂ. ಒಂದು ಕಡೆ ಯುದ್ಧದ ಹಡಗಿನ ಮೂತಿ. ಅದರ ಮೇಲೆ ರೆಕ್ಕೆ ಬಿಚ್ಚಿಕೊಂಡು ನಿಂತವಳು ವಿಜಯದೇವತೆ ನೈಕಿ. ಬಲಗೈಲಿ ಹಿಡಿದ ತುತ್ತೂರಿ ಬಾಯಿಗಿಟ್ಟಿದ್ದಾಳೆ. ಎಡಗೈಲಿ ಹಡಗಿನ ಲಾಂಛನದ ಕೋಲು. ಇನ್ನೊಂದು ಕಡೆ ಸಮುದ್ರದೇವ ಪೊಸೈಡನ್. ಎಡಗೈಗೆ ಮೇಲುವಸ್ತ್ರ ಸುತ್ತಿಕೊಂಡು, ಬಲಗೈಲಿ ತ್ರಿಶೂಲ ಎತ್ತಿದ್ದಾನೆ. ಇನ್ನೇನು ಎಸೆದೇಬಿಟ್ಟ ಅನ್ನಬೇಕು, ಹಾಗಿದೆ ಕೆತ್ತನೆ.

ಇಷ್ಟೊಂದು ಸಂಭ್ರಮ ಯಾವ ಗೆಲುವಿಗೆ? ಕ್ರಿ.ಪೂ. 306, ಸಲಾಮಿಸ್. ಅಥೆನ್ಸ್ ಪಕ್ಕದ ಸಲಾಮಿಸ್ ಅಲ್ಲ, ಸೈಪ್ರಸ್‌ನದು. ಡಿಮೆಟ್ರಿಯಸ್ ಆ ಊರಿಗೆ ಮುತ್ತಿಗೆ ಹಾಕಿದ್ದ. ಒಳಗೆ ಈಜಿಪ್ಟ್ ಆಳುತ್ತಿದ್ದ ಟಾಲೆಮಿಯ ಸೋದರ ಮೆನೆಲಾಸ್ ಸಿಕ್ಕಿಕೊಂಡಿದ್ದ. ಅವನನ್ನು ಬಿಡಿಸಲು ಟಾಲೆಮಿ ಈಜಿಪ್ಟಿನಿಂದ ನೌಕಾಪಡೆ ತಂದ. ಡಿಮೆಟ್ರಿಯಸ್ ಕಡಲಲ್ಲೇ ಅವನನ್ನು ಬಡಿದು ಓಡಿಸಿದ. ಊರೂ ಕೈಗೆ ಬಂತು. ಆ ಸುದ್ದಿ ತಲುಪಿದ ಮೇಲೇ ಅವನ ಅಪ್ಪ ಆಂಟಿಗೋನಸ್ ರಾಜಪದವಿ ಹೊತ್ತದ್ದು, ಮಗನಿಗೂ ಕೊಟ್ಟದ್ದು.

ಹಾಗಾದರೆ ನಾಣ್ಯವೂ 306ರದ್ದೇ ಅಲ್ವಾ? ಅಲ್ಲ. ನನ್ನ ತಕರಾರು ಶುರುವಾಗುವುದೇ ಇಲ್ಲಿ. ಇದು ಕ್ರಿ.ಪೂ. 301ರ ಇಪ್ಸಸ್ ಯುದ್ಧದ ಆಚೆಗಿನದು. ಇಪ್ಸಸ್‌ನಲ್ಲಿ ಆಗಿದ್ದೇನು? ಎದುರಾಳಿ ಸೇನಾಪತಿಗಳು ಒಟ್ಟಾಗಿ ಇವರ ಮೇಲೆ ಬಿದ್ದರು. 80 ದಾಟಿದ ಅಪ್ಪ ರಣರಂಗದಲ್ಲೇ ಸತ್ತ. ರಾಜ್ಯದ ಬಹುಪಾಲು ಹೋಯಿತು. ಇವನನ್ನು ದೇವರು ಅಂತ ಪೂಜಿಸಿದ್ದ ಅಥೆನ್ಸ್‌ನವರೇ ಊರೊಳಗೆ ಕಾಲಿಡಬೇಡ ಅಂದರು. ಉಳಿದದ್ದು ಹಡಗುಗಳು, ಸೈಪ್ರಸ್, ಒಂದಷ್ಟು ಬಂದರುಗಳು. ಸೋತು ಸುಣ್ಣವಾದ ಮೇಲೆ ಈ ತುತ್ತೂರಿ! ಈ ಬೆಳ್ಳಿ ಎಣಿಸಿಕೊಳ್ಳುವ ಸೈನಿಕನಿಗೆ, ನಾವಿಕನಿಗೆ ಏನು ಅನ್ನಿಸಬೇಕು? ದೊರೆ ನೆಲದ ಮೇಲೆ ಸೋತಿರಬಹುದು, ಕಡಲು ಇನ್ನೂ ಅವನದೇ ಅಂತ. ಅದಕ್ಕೇ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ, ಚಿತ್ರ ಆಮೇಲೆ, ಮೊದಲು ಇಸವಿ ನೋಡಿ.

ಇನ್ನೊಂದು ತಮಾಷೆ. ಇವನ ಅಡ್ಡಹೆಸರು ಪೋಲಿಯಾರ್ಸೀಟೀಸ್, ಊರುಗಳಿಗೆ ಮುತ್ತಿಗೆ ಹಾಕುವವನು. ನಾಣ್ಯದಲ್ಲಿ ಮಾತ್ರ ಮುತ್ತಿಗೆಯ ಸುಳಿವೇ ಇಲ್ಲ. ಯಾಕೆ ಅಂದರೆ ರೋಡ್ಸ್ ದ್ವೀಪದ ಮುತ್ತಿಗೆ. ಈ ಕಥೆ ನನಗೆ ಬಲು ಇಷ್ಟ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿಟ್ಟದ್ದು.

ರೋಡ್ಸ್‌ನಲ್ಲಿ ಡಯೋಗ್ನೆಟಸ್ ಅಂತ ಒಬ್ಬ ಎಂಜಿನಿಯರ್ ಇದ್ದ. ಊರಿನಿಂದ ವರ್ಷಾಶನ ಬರುತ್ತಿತ್ತು. ಒಂದು ದಿನ ಹೊರಗಿನಿಂದ ಕ್ಯಾಲಿಯಸ್ ಅಂತ ಒಬ್ಬ ಬಂದ. ಬಂದವನು ಏನು ಮಾಡಿದ ಗೊತ್ತಾ? ಉಪನ್ಯಾಸ ಕೊಟ್ಟ! ಸುಮ್ನೆ ಹೇಳುತ್ತಿಲ್ಲ, ಹಾಗೇ ಬರೆದಿದೆ. ಒಂದು ಪುಟ್ಟ ಗೋಡೆಯ ಮಾದರಿ ಇಟ್ಟು, ಅದರ ಮೇಲೆ ತಿರುಗುವ ಕ್ರೇನ್ ಕೂರಿಸಿ, ಶತ್ರುವಿನ ಗೋಪುರ ಹತ್ತಿರ ಬಂದರೆ ಅನಾಮತ್ತಾಗಿ ಎತ್ತಿ ಕೋಟೆಯೊಳಗೆ ಇಳಿಸಿಕೊಳ್ಳಬಹುದು ಅಂತ ತೋರಿಸಿದ. ಜನ ಮರುಳಾದರು. ಡಯೋಗ್ನೆಟಸ್‌ನ ವರ್ಷಾಶನ ಕಿತ್ತು ಇವನಿಗೆ ಕೊಟ್ಟರು. ಉಪನ್ಯಾಸಕರನ್ನು ನಂಬುವ ಮೊದಲು ಯೋಚಿಸಿ, ನನ್ನನ್ನೂ ಸೇರಿಸಿ.

305ರಲ್ಲಿ ಡಿಮೆಟ್ರಿಯಸ್ ಬಂದೇ ಬಂದ. ಹೆಲೆಪೋಲಿಸ್ ಅನ್ನುವ ಗೋಪುರ ಕಟ್ಟಿಸಿದ. ಒಂಬತ್ತು ಅಂತಸ್ತು, ಎಂಟು ಚಕ್ರ, ಮೈಗೆ ಕಬ್ಬಿಣದ ತಗಡು. ದೂಡಲು 3,400 ಆಳು. ಜನ ಕ್ಯಾಲಿಯಸ್ ಕಡೆ ಓಡಿದರು. ಅವನು, ಇಲ್ಲ ಸ್ವಾಮಿ, ಇಷ್ಟು ದೊಡ್ಡದಕ್ಕೆ ಆಗಲ್ಲ ಅಂದ. ಮತ್ತೆ ಡಯೋಗ್ನೆಟಸ್‌ನ ಮನೆ ಬಾಗಿಲು. ಅವನು ಒಲ್ಲೆ ಅಂದ. ಯಾಕೆ ಒಪ್ಪುತ್ತಾನೆ ಹೇಳಿ? ಕೊನೆಗೆ ಊರಿನ ಹುಡುಗರು, ಹೆಣ್ಣುಮಕ್ಕಳು ಪೂಜಾರಿಗಳ ಜೊತೆ ಬಂದು ಬೇಡಿಕೊಂಡರು. ಆಗ ಒಂದು ಕರಾರು ಹಾಕಿದ: ಯಂತ್ರ ಸಿಕ್ಕರೆ ಅದು ನನ್ನದು. ಆಯ್ತು ಅಂದರು. ಗೋಪುರ ಬರುವ ನೇರಕ್ಕೆ ಗೋಡೆಯಲ್ಲಿ ತೂತು ಕೊರೆಸಿದ. ರಾತ್ರಿಯಿಡೀ ಊರಿನವರೆಲ್ಲ ನೀರು, ಕೆಸರು, ಹೇಲು ಎಲ್ಲ ಅದರೊಳಗೆ ಸುರಿಯಬೇಕು. ಸುರಿದರು. ಬೆಳಿಗ್ಗೆ ಹೆಲೆಪೋಲಿಸ್ ಹೊರಟಿತು. ರೊಚ್ಚೆಯಲ್ಲಿ ಹೂತುಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಕಥೆಗೆ ಉಪ್ಪುಖಾರ ಬಿದ್ದಿರಬಹುದು. ಬೇರೆ ಇತಿಹಾಸಕಾರರು ಬೇರೆ ರೀತಿ ಹೇಳುತ್ತಾರೆ. ಆದರೆ 304ರಲ್ಲಿ ಡಿಮೆಟ್ರಿಯಸ್ ಊರು ಗೆಲ್ಲದೆ, ಸಂಧಿ ಮಾಡಿಕೊಂಡು ಹೊರಟದ್ದು ಖರೆ. ಅವನು ಬಿಟ್ಟುಹೋದ ಯಂತ್ರಗಳನ್ನು ಮಾರಿದರೆ 300 ಟ್ಯಾಲೆಂಟ್ (ಬೆಳ್ಳಿ ತೂಗುವ ಗ್ರೀಕರ ದೊಡ್ಡ ಅಳತೆ) ಬಂತಂತೆ. ಆ ದುಡ್ಡಲ್ಲಿ ರೋಡ್ಸ್‌ನವರು ತಮ್ಮ ಸೂರ್ಯದೇವನ ಕಂಚಿನ ಮೂರ್ತಿ ನಿಲ್ಲಿಸಿದರು. ಅದೇ ಕೊಲೊಸಸ್. ಈಗ ಹೇಳಿ, ಹೇಲಲ್ಲಿ ಹೂತ ಗೋಪುರವನ್ನು ಯಾರು ನಾಣ್ಯಕ್ಕೆ ಹಾಕಿಸುತ್ತಾರೆ?

ಚೀಟಿ ಬಂತು. ಐದು ನಿಮಿಷವಂತೆ. ರೋಡ್ಸ್‌ಗೇ ಹೊತ್ತು ಜಾಸ್ತಿ ಹೋಯಿತು. ಟಂಕಸಾಲೆಗಳ ಗುರುತಿನ ಬಗ್ಗೆ ಇದ್ದ ಸ್ಲೈಡುಗಳನ್ನು ಹಾರಿಸುತ್ತೇನೆ.

ವರ್ನನ್ ಪದಕಗಳು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ಇಂಗ್ಲಿಷ್ ಅಡ್ಮಿರಲ್. 1739ರಲ್ಲಿ ಆರೇ ಹಡಗು ಇಟ್ಟುಕೊಂಡು ಅಮೆರಿಕದಲ್ಲಿ ಸ್ಪೇನಿನವರ ಕೈಲಿದ್ದ ಪೋರ್ಟೊ ಬೆಲ್ಲೊ ಬಂದರು ಹಿಡಿದ. 1741ರಲ್ಲಿ ಅಲ್ಲಿನ ಇನ್ನೊಂದು ಸ್ಪ್ಯಾನಿಷ್ ಬಂದರು ಕಾರ್ಟಾಹೇನಾಗೆ ಮುತ್ತಿಗೆ. ಪೂರ್ತಿ ಸುದ್ದಿ ಬರುವ ಮೊದಲೇ ಇಂಗ್ಲೆಂಡಿನಲ್ಲಿ ಗೆದ್ದೆವು ಅಂತ ಪದಕ ಹೊಡೆದು ಮಾರಿದರು. ಸ್ಪೇನಿನ ಸೇನಾನಿ ಬ್ಲಾಸ್ ದೆ ಲೆಸೊ ಮಂಡಿಯೂರಿ ಕೂತಿರುವ ಚಿತ್ರ ಬೇರೆ. ಆದರೆ ಗೆದ್ದವನು ಲೆಸೊ. ಡಿಮೆಟ್ರಿಯಸ್ ತಡವಾಗಿ ಹೊಡೆಸಿದ, ಇವರು ಬೇಗ. ಮತ್ತೆ ಅದೇ, ಇಸವಿ.

ಕೊನೆಯದು ನಮ್ಮೂರಿನದು, ಶ್ರೀರಂಗಪಟ್ಟಣದ ಪದಕ. 1799ರ ಮೇ 4ರ ದಾಳಿಯ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿಯವರು ಬರ್ಮಿಂಗ್‌ಹ್ಯಾಮ್‌ನ ಸೋಹೋ ಟಂಕಸಾಲೆಯಲ್ಲಿ ಮಾಡಿಸಿದ್ದು. ಸಿಂಹ ಹುಲಿಯನ್ನು ಕೆಡವಿದೆ. ದೊಡ್ಡ ಅಧಿಕಾರಿಗಳಿಗೆ ಚಿನ್ನ, ಆಮೇಲೆ ಬೆಳ್ಳಿ, ಕಂಚು, ಒಡೆದ ಗೋಡೆಗೆ ಎದೆಕೊಟ್ಟು ನುಗ್ಗಿದ ಸಿಪಾಯಿಗೆ ತವರ. ಹಂಚಿದ್ದು 1808ರಲ್ಲಿ. ನಡುವೆ 1806ರಲ್ಲಿ ವೆಲ್ಲೂರು ಕೋಟೆಯಲ್ಲಿ ಸಿಪಾಯಿಗಳು ದಂಗೆಯೆದ್ದು ಟಿಪ್ಪು ಸುಲ್ತಾನನ ಬಾವುಟ ಹಾರಿಸಿದ್ದರು. ಅದಕ್ಕೂ ಪದಕ ಹಂಚಿದ್ದಕ್ಕೂ ನಂಟಿದೆ ಅಂತ ನಾನು ಹೇಳುತ್ತಿಲ್ಲ. ಎರಡೂ ಇಸವಿಗಳನ್ನು ಪಕ್ಕಪಕ್ಕ ಬರೆದುಕೊಳ್ಳಿ, ಅಷ್ಟೇ. ಯಾರಾದರೂ ಹುಡುಗರು ಇದನ್ನು ಹಿಡಿದು ಕೆಲಸ ಮಾಡುವುದಾದರೆ ಊಟದ ಹೊತ್ತಲ್ಲಿ ಸಿಗಿ.