ಮೊಟ್ಟೆಯೊಳಗಿನ ಹೃದಯ ಮತ್ತು ಕಡಲ ಮೇಲಿನ ಎಣ್ಣೆ

ಕೇಳುಗರಿಗೆ ನಮಸ್ಕಾರ. 1989ರ ಮಾರ್ಚ್ 24ರಂದು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್ ಎಂಬಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ತಳ ಬಂಡೆಗೆ ತಾಗಿ ಒಡೆದು, ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಕಡಲು ಸೇರಿತು. ಎಣ್ಣೆ ಮೆತ್ತಿಕೊಂಡ ಹಕ್ಕಿಗಳ ಚಿತ್ರಗಳನ್ನು ಜಗತ್ತೆಲ್ಲ ಕಂಡು ಮರುಗಿತು. ಆದರೆ ಹೆರಿಂಗ್ ಮೀನುಗಳು ದಡದ ಕಡಲಪಾಚಿಗೆ ಮೊಟ್ಟೆ ಅಂಟಿಸಲು ಬರುವುದೂ ಅದೇ ವಸಂತದಲ್ಲಿ. ಆ ಮೊಟ್ಟೆಗಳ ಚಿತ್ರ ತೆಗೆದವರು ಕಡಮೆ.

ತೈಲದಲ್ಲಿ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೊಕಾರ್ಬನ್‌ಗಳೆಂಬ, ಇಂಗಾಲದ ಉಂಗುರಗಳು ಒಂದಕ್ಕೊಂದು ಹೆಣೆದುಕೊಂಡ ವಸ್ತುಗಳಿವೆ. ಬಿಸಿಲು ಗಾಳಿಗೆ ಹಗುರವಾದ ಅಂಶಗಳೆಲ್ಲ ಆರಿಹೋದ ಮೇಲೆ ಉಳಿಯುವ ಹಳೆಯ ಎಣ್ಣೆಯಲ್ಲಿ ಇವುಗಳ ಪ್ರಮಾಣವೇ ಹೆಚ್ಚು. ಆದ್ದರಿಂದ ವಾಸನೆ ಕಳೆದ ಎಣ್ಣೆ ನಿರಪಾಯಕಾರಿ ಎಂದು ತಿಳಿಯುವುದು ತಪ್ಪು.

ಇವುಗಳ ಕೆಲಸವನ್ನು ಕಣ್ಣಾರೆ ತೋರಿಸಿಕೊಟ್ಟದ್ದು ಜೀಬ್ರಾ ಮೀನು. ನಮ್ಮ ದೇಶದ ತೊರೆಗಳಲ್ಲಿ ಸಹಜವಾಗಿ ಬದುಕುವ ಈ ಪುಟ್ಟ ಮೀನಿನ ಮೊಟ್ಟೆ ಬೆಂದ ಸಾಬಕ್ಕಿಗಿಂತ ಚಿಕ್ಕದು, ಆದರೆ ಅದರಷ್ಟೇ ಪಾರದರ್ಶಕ. ಒಂದು ದಿನ ಕಳೆಯುವಷ್ಟರಲ್ಲಿ ಒಳಗೆ ಹೃದಯ ಮಿಡಿಯತೊಡಗುವುದು ಸೂಕ್ಷ್ಮದರ್ಶಕಕ್ಕೆ ಕಾಣುತ್ತದೆ. ಎಣ್ಣೆ ಬೆರೆತ ನೀರಿನಲ್ಲಿ ಆ ಮಿಡಿತ ನಿಧಾನವಾಗುತ್ತದೆ, ತಾಳ ತಪ್ಪುತ್ತದೆ, ಹೃದಯದ ಸುತ್ತಲಿನ ಚೀಲದಲ್ಲಿ ನೀರು ತುಂಬಿ ಊದಿಕೊಳ್ಳುತ್ತದೆ. ಮೆಕ್ಸಿಕೊ ಕೊಲ್ಲಿಯಲ್ಲಿ 2010ರಲ್ಲಿ ಸೋರಿದ ತೈಲವನ್ನು ಟ್ಯೂನಾ ಮೀನಿನ ಹೃದಯಕೋಶಗಳ ಮೇಲೆ ಪರೀಕ್ಷಿಸಿದ ವಿಜ್ಞಾನಿಗಳು, ಕೋಶದೊಳಗೆ ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂಗಳ ಹೋಗಿಬರುವಿಕೆಗೇ ಅಡ್ಡಿಯಾಗುತ್ತದೆಂದು 2014ರಲ್ಲಿ ತಿಳಿಸಿದರು. ಹೃದಯ ರೂಪುಗೊಳ್ಳುವುದು ಮಿಡಿಯುತ್ತಲೇ. ಹಾಗಾಗಿ ಮಿಡಿತ ಕೆಟ್ಟರೆ ಆಕಾರವೂ ಕೆಡುತ್ತದೆ.

ಪ್ರಿನ್ಸ್ ವಿಲಿಯಂ ಸೌಂಡಿನ ಹೆರಿಂಗ್ ಸಂತತಿ 1993ರಲ್ಲಿ ಕುಸಿದುಬಿದ್ದಿತು. ಅದಕ್ಕೆ ತೈಲವೇ ಕಾರಣವೋ, ರೋಗವೋ, ಆಹಾರದ ಕೊರತೆಯೋ ಎಂಬ ವಾದ ಇನ್ನೂ ಮುಗಿದಿಲ್ಲ. ಸತ್ತ ಮೀನುಗಳನ್ನು ದಡದಲ್ಲಿ ಎಣಿಸಿ ನಷ್ಟ ಅಳೆಯುವ ಪದ್ಧತಿಯಿಂದ ಈ ವಾದ ತೀರುವುದೂ ಇಲ್ಲವೆಂಬುದು ನನ್ನ ಅಭಿಪ್ರಾಯ. ಅಲಾಸ್ಕಾದಲ್ಲೇ ನಡೆದ ಒಂದು ಪ್ರಯೋಗವನ್ನು ನೋಡಿ. ನೂರು ಕೋಟಿ ಪಾಲು ನೀರಿಗೆ ಐದೂವರೆ ಪಾಲಿನಷ್ಟು, ತೈಲದ ಆ ಇಂಗಾಲದ ಉಂಗುರಗಳ ವಸ್ತುಗಳಿದ್ದ ನೀರಿನಲ್ಲಿ ಪಿಂಕ್ ಸಾಮನ್ ಎಂಬ ಮೀನಿನ ಮೊಟ್ಟೆಗಳನ್ನು ಬೆಳೆಸಿ, ಮೇಲ್ನೋಟಕ್ಕೆ ಆರೋಗ್ಯವಾಗಿದ್ದ ಮರಿಗಳಿಗೆ ಗುರುತು ಹಾಕಿ ಕಡಲಿಗೆ ಬಿಟ್ಟರು. ಶುದ್ಧ ನೀರಿನಲ್ಲಿ ಬೆಳೆದವುಗಳಿಗೆ ಹೋಲಿಸಿದರೆ, ಅವುಗಳಲ್ಲಿ ಬದುಕಿ ಕಡಲಿನಿಂದ ಹುಟ್ಟೂರಿನ ತೊರೆಗೆ ಹಿಂದಿರುಗಿದವು ಶೇಕಡ 15ರಷ್ಟು ಕಡಮೆ. ಉಳಿದವು ಎಲ್ಲಿ ಸತ್ತವೆಂಬುದನ್ನು ಯಾರೂ ನೋಡಲಿಲ್ಲ.