ಟಿಬಿ ಜತೆ ಶುಗರ್ ಇದ್ದಾಗ

ಎಲ್ಲರಿಗೂ ನಮಸ್ಕಾರ. ಎರಡು ವಾರ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸಬೇಕು ಅನ್ನುವುದು ಇಲ್ಲಿರುವ ಆಶಾ ಅಕ್ಕಂದಿರಿಗೆ ಬಾಯಿಪಾಠ. ಹಾಗಾಗಿ ಅದನ್ನು ಬಿಟ್ಟು ಬೇರೆ ಮಾತು ಆಡುತ್ತೇನೆ. ಟಿಬಿ ಬಂದವರಿಗೆ ಮೊದಲೇ ಇನ್ನೊಂದು ಕಾಯಿಲೆ ಇದ್ದರೆ ಏನು ಮಾಡಬೇಕು?

ನಮ್ಮ ಗಂಗಾವತಿ ಕಡೆ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುವ ಒಬ್ಬರು ನನ್ನ ಹತ್ತಿರ ಬಂದಿದ್ದರು. ಕೈಯಲ್ಲಿ ಎರಡು ಕ್ಯಾರಿಬ್ಯಾಗು. ಒಂದರಲ್ಲಿ ಶುಗರ್ ಗುಳಿಗೆ, ಇನ್ನೊಂದರಲ್ಲಿ ಟಿಬಿ ಗುಳಿಗೆ. ಮೇಜಿನ ಮೇಲೆ ಸುರುವಿದರು. ಟಿಬಿ ಸ್ಟ್ರಿಪ್‌ಗಳು ಒಡೆಯದೆ ಹಾಗೇ ಇದ್ದವು.

‘ಯಾಕ್ರಿ ಕಾಕಾ, ಬಿಟ್ರಿ?’ ಅಂದೆ.

‘ಇವು ಶುರು ಮಾಡಿದ ಮ್ಯಾಲೆ ಶುಗರ್ 300 ದಾಟೇತ್ರಿ. ಉಚ್ಚಿ ಕೆಂಪಗ ಹೊಂಟೇತಿ. ನನ್ನ ಮೈಗೆ ಇವು ಆಗಂಗಿಲ್ರಿ.’

ಅವರು ನೋಡಿದ್ದು ನಿಜ. ಮೂತ್ರ ಕೆಂಪಾಗುವುದು ರಿಫಾಂಪಿಸಿನ್ ಅನ್ನುವ ಟಿಬಿ ಔಷಧಿಯ ಬಣ್ಣದಿಂದ. ಅದರಿಂದ ತೊಂದರೆ ಇಲ್ಲ. ಆದರೆ ಶುಗರ್ ಏರಿದ್ದಕ್ಕೆ ಎರಡು ಕಾರಣ. ಮೈಯಲ್ಲಿ ಸೋಂಕು ಇದ್ದರೆ ಸಕ್ಕರೆ ತಾನಾಗಿಯೇ ಏರುತ್ತದೆ. ಜತೆಗೆ ಇದೇ ರಿಫಾಂಪಿಸಿನ್ ನಮ್ಮ ಲಿವರ್‌ಗೆ ಚುರುಕು ಕೊಡುತ್ತದೆ. ಗ್ಲಿಮೆಪಿರೈಡ್‌ನಂಥ ಶುಗರ್ ಗುಳಿಗೆಯನ್ನು ಲಿವರ್ ಬೇಗ ಕರಗಿಸಿಬಿಡುತ್ತದೆ. ಗುಳಿಗೆ ನುಂಗಿದರೂ ಅದರ ಶಕ್ತಿ ಕಡಿಮೆ. ಆಗ ಬದಲಿಸಬೇಕಾದದ್ದು ಶುಗರ್ ಔಷಧಿ, ಟಿಬಿಯದಲ್ಲ. ಡೋಸ್ ಏರಿಸಬೇಕಾಗಬಹುದು, ಕೆಲವರಿಗೆ ಸ್ವಲ್ಪ ದಿನ ಇನ್ಸುಲಿನ್ ಬೇಕಾಗಬಹುದು. ಇದನ್ನು ಆ ಕಾಕಾಗೆ ಮೊದಲ ದಿನವೇ ಯಾರಾದರೂ ಹೇಳಿದ್ದರೆ ಅವರು ಗುಳಿಗೆ ಬಿಡುತ್ತಿರಲಿಲ್ಲ. ಅದು ನಮ್ಮ, ಅಂದರೆ ಡಾಕ್ಟರುಗಳ ತಪ್ಪು.

ಇನ್ನೊಂದು ಮಾತು, ಇದನ್ನು ಜಾಸ್ತಿ ಜನ ಮರೆಯುತ್ತಾರೆ. 6 ತಿಂಗಳಾಗಿ ಟಿಬಿ ಗುಳಿಗೆ ನಿಂತ ಮೇಲೆ ಲಿವರ್‌ನ ಆ ಚುರುಕು ಸುಮಾರು ಎರಡು ವಾರದಲ್ಲಿ ಇಳಿಯುತ್ತದೆ. ಶುಗರ್ ಗುಳಿಗೆ ಮಾತ್ರ ಏರಿಸಿದ ಲೆಕ್ಕದಲ್ಲೇ ಇದ್ದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬರುತ್ತದೆ. ಆ ದಿನಗಳಲ್ಲಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಡೋಸ್ ಕೇಳಿ.

ಶುಗರ್ ಇರುವವರಿಗೆ ಟಿಬಿ ಬರುವ ಸಾಧ್ಯತೆಯೇ ಎರಡು ಮೂರು ಪಟ್ಟು ಹೆಚ್ಚು. ಅದಕ್ಕೇ ಟಿಬಿ ಬಂದವರೆಲ್ಲರಿಗೂ ಶುಗರ್ ಮತ್ತು ಎಚ್‌ಐವಿ ಪರೀಕ್ಷೆ ಮಾಡುತ್ತೇವೆ. ಅಂಗಾಲು ಜುಮುಜುಮು ಅಂದರೆ ಸುಮ್ನೆ ಇರಬೇಡಿ. ಟಿಬಿಯ ಇನ್ನೊಂದು ಗುಳಿಗೆ ಐಸೋನಿಯಾಜಿಡ್‌ನಿಂದಲೂ ಹಾಗಾಗುತ್ತದೆ, ಶುಗರ್‌ನಿಂದಲೂ ಆಗುತ್ತದೆ. ಬಿ6 ವಿಟಮಿನ್ ಗುಳಿಗೆ ಕೊಡುವುದು ಅದಕ್ಕೇ.

ಊಟದ ವಿಷಯದಲ್ಲಿ ಮನೆಯವರು ಪೇಚಿಗೆ ಬೀಳುತ್ತಾರೆ. ಟಿಬಿಗೆ ಚೆನ್ನಾಗಿ ಉಣ್ಣಿ ಅಂತಾರೆ, ಶುಗರ್‌ಗೆ ಕಡಿಮೆ ಮಾಡಿ ಅಂತಾರೆ. ಅನ್ನದ ಗುಡ್ಡೆ ಸಣ್ಣದಾಗಲಿ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಟ್ಟೆ ಜಾಸ್ತಿ ಆಗಲಿ. ಟಿಬಿ ರೋಗಿಗಳ ಊಟಕ್ಕೆ ಸರ್ಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1000 ಆಗಿದೆ. ಅದು ಮೊಟ್ಟೆ, ಬೇಳೆಗೇ ಹೋಗಲಿ ಅಂತ ಕೈಮುಗಿದು ಕೇಳುತ್ತೇನೆ.

ಕುಷ್ಟಗಿ ಕಡೆಯ ಕಲ್ಲು ಕ್ವಾರಿ, ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದವರು ಅದನ್ನು ಡಾಕ್ಟರ ಮುಂದೆ ಹೇಳಲೇಬೇಕು. ಕಲ್ಲಿನ ದೂಳು ಕೂತ ಶ್ವಾಸಕೋಶದಲ್ಲಿ ಟಿಬಿ ಸುಲಭವಾಗಿ ನೆಲೆಸುತ್ತದೆ. ಎಕ್ಸ್‌ರೇ ಒಂದರಲ್ಲೇ ಎರಡನ್ನೂ ಬಿಡಿಸಿ ಹೇಳುವುದು ಕಷ್ಟ, ಕಫ ಪರೀಕ್ಷೆ ಬೇಕೇ ಬೇಕು. ಚಿಕಿತ್ಸೆಯೂ 6 ತಿಂಗಳಿಗಿಂತ ಉದ್ದವಾಗಬಹುದು. ಡಯಾಲಿಸಿಸ್ ಮಾಡಿಸುವವರಿಗೆ ಕೆಲವು ಟಿಬಿ ಔಷಧಿಗಳು ವಾರಕ್ಕೆ 3 ಸಲ ಮಾತ್ರ, ಅದೂ ಡಯಾಲಿಸಿಸ್ ಮುಗಿದ ಮೇಲೆ. ಕುಡಿಯುವ ಅಭ್ಯಾಸ ಇರುವವರು ಮುಚ್ಚಿಡಬೇಡಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅವತ್ತೇ ದವಾಖಾನೆಗೆ ಬನ್ನಿ.

ಆ ಕಾಕಾನ ಎರಡೂ ಚೀಲ ಒಂದೇ ಡಬ್ಬಿಗೆ ಹಾಕಿಸಿದೆವು. ಪಟ್ಟಿ ಬರೆದು ಅದರ ಮುಚ್ಚಳದೊಳಗೆ ಅಂಟಿಸಿದೆವು. ಅವರ ಸೊಸೆ ಓದಿ ಹೇಳುತ್ತಿದ್ದಳು, ಅವರು ನುಂಗುತ್ತಿದ್ದರು.

ಇವತ್ತು ಗುಳಿಗೆ ತರಲು ಹೇಳಿದ್ದೆ, ಅಲ್ವಾ? ತಂದವರು ಮುಂದೆ ಬನ್ನಿ. ಒಂದೊಂದಾಗಿ ನೋಡೋಣ.