ಕನಸಿಗಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಕನಸು ಬೀಳುತ್ತಿರುವಾಗಲೇ ‘ಅರೆ, ಇದು ಕನಸು’ ಅಂತ ಗೊತ್ತಾಗುವುದಕ್ಕೆ ಲೂಸಿಡ್ ಡ್ರೀಮಿಂಗ್ ಅನ್ನುತ್ತಾರೆ. ಇದನ್ನು ಕಲಿಯಬಹುದಾ? ಖಂಡಿತ ಕಲಿಯಬಹುದು. ಆದರೆ ನಿದ್ದೆ ಕೆಡಿಸಿಕೊಂಡು ಅಲ್ಲ. ಹಾಸ್ಟೆಲಿನಲ್ಲಿ ಕೇಳುತ್ತಿರುವ ಮಕ್ಕಳೇ, ಈ ಮಾತು ಮುಖ್ಯವಾಗಿ ನಿಮಗೆ.

ಇದೆಲ್ಲ ನಿಜವಾ ಅಂತ ಕೆಲವರಿಗೆ ಅನುಮಾನ. ಅವರಿಗೆ ನನಗೆ ಬಹಳ ಇಷ್ಟವಾದ ಒಂದು ಪ್ರಯೋಗದ ಕಥೆ ಹೇಳುತ್ತೇನೆ. 1975ರ ಏಪ್ರಿಲ್. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯ. ಕೀತ್ ಹರ್ನ್ ಎಂಬ ಸಂಶೋಧಕರು ಅಲನ್ ವರ್ಸ್ಲಿ ಎಂಬವರನ್ನು ಪ್ರಯೋಗಾಲಯದಲ್ಲಿ ಮಲಗಿಸಿದ್ದರು. ವರ್ಸ್ಲಿಗೆ ಕನಸಿನಲ್ಲಿ ಎಚ್ಚರವಾಗಿರುವುದು ಗೊತ್ತಿತ್ತು. ಆದರೆ ಅದನ್ನು ತೋರಿಸುವುದು ಹೇಗೆ? ಕನಸು ಕಾಣುವಾಗ ಕೈಕಾಲು ಆಡದಂತೆ ಮಿದುಳೇ ತಡೆದಿರುತ್ತದೆ. ಕಣ್ಣುಗಳಿಗೆ ಮಾತ್ರ ಆ ತಡೆ ಇಲ್ಲ! ಅದನ್ನೇ ಹಿಡಿದುಕೊಂಡರು. ಕನಸು ಅಂತ ಗೊತ್ತಾದ ಕೂಡಲೇ ಕಣ್ಣನ್ನು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಹೊರಳಿಸಬೇಕು ಅಂತ ಮಾತಾಯಿತು. ಮನುಷ್ಯ ನಿದ್ದೆಯಲ್ಲಿದ್ದಾರೆ, ಮಿದುಳಿನ ಅಲೆಗಳು ಹಾಗೇ ಹೇಳುತ್ತಿವೆ. ಅಂಥ ಹೊತ್ತಿನಲ್ಲಿ, ಕಣ್ಣಿನ ಚಲನೆಯನ್ನು ದಾಖಲಿಸುವ ಯಂತ್ರದ ಕಾಗದದ ಮೇಲೆ ಎಡ, ಬಲ, ಎಡ, ಬಲ ಅಂತ ಗೆರೆ ಮೂಡಿತು. ಕನಸಿನ ಒಳಗಿಂದ ಸುದ್ದಿ ಬಂತು! ಇದನ್ನು ಹೇಳುವಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬಾರ್ಜ್ ಕೂಡ ಇದನ್ನೇ ಸಾಧಿಸಿ ತೋರಿಸಿದರು.

ಈಗ ಕಲಿಯುವ ದಾರಿ. ದಿಂಬಿನ ಪಕ್ಕ ಒಂದು ನೋಟ್‌ಬುಕ್ ಇರಲಿ. ಎದ್ದ ತಕ್ಷಣ, ಮೊಬೈಲ್ ಮುಟ್ಟುವ ಮೊದಲು, ಕನಸು ಬರೆಯಿರಿ. ಹಗಲಿನಲ್ಲಿ ಬಸ್ಸಿನ ಬೋರ್ಡು ಓದಿ, ಕಣ್ಣು ತಿರುಗಿಸಿ, ಮತ್ತೆ ಓದಿ. ಕನಸಿನಲ್ಲಿ ಅಕ್ಷರ ಹೆಚ್ಚಾಗಿ ಬದಲಾಗಿಬಿಡುತ್ತದೆ. ಈ ಅಭ್ಯಾಸ ಕನಸಿಗೂ ಬಂದರೆ ಅಲ್ಲೇ ಗೊತ್ತಾಗುತ್ತದೆ. ಮಲಗುವಾಗ ‘ಮುಂದಿನ ಕನಸಿನಲ್ಲಿ ಇದು ಕನಸು ಅಂತ ನೆನಪಾಗಬೇಕು’ ಅಂದುಕೊಳ್ಳಿ.

ಇಷ್ಟೇ. ಆದರೆ ಯಾರೂ ಇಷ್ಟಕ್ಕೆ ನಿಲ್ಲುವುದಿಲ್ಲ, ಅಲ್ವಾ? ನಡುವೆ ಎದ್ದು ಮತ್ತೆ ಮಲಗಿದರೆ ಇಂಥ ಕನಸು ಬೀಳುತ್ತದೆ ಅಂತ ನಡುರಾತ್ರಿ ಅಲಾರಂ ಇಟ್ಟುಕೊಳ್ಳುತ್ತಾರೆ, ದಿನಾ ಎದ್ದು ಕೂರುತ್ತಾರೆ. ದಯವಿಟ್ಟು ಕೇಳಿ. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಕನಸಿನ ಹೊತ್ತು ಬೆಳಗಿನ ಕಡೆಯ ಸುತ್ತುಗಳಲ್ಲೇ ಜಾಸ್ತಿ. ರಾತ್ರಿ ಒಂದಕ್ಕೆ ಮಲಗಿ ಐದಕ್ಕೆ ಎದ್ದರೆ ನೀವು ಕತ್ತರಿಸುವುದು ಅದನ್ನೇ! ಮೊದಲು ನಿದ್ದೆ, ಆಮೇಲೆ ಕನಸು.

ಪರೀಕ್ಷೆ ಹತ್ತಿರ ಇರುವವರು, ಬೆಳಿಗ್ಗೆ ಗಾಡಿ ಓಡಿಸುವವರು ಅಲಾರಂ ಸಹವಾಸಕ್ಕೇ ಹೋಗಬೇಡಿ. ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಬೆಳಿಗ್ಗೆ ಕನಸು ಬರೆಯುವುದಕ್ಕೆ ಐದು ನಿಮಿಷ ಸಾಕು. ಬರೆದು, ಪುಸ್ತಕ ಮುಚ್ಚಿ, ನಿಮ್ಮ ಕೆಲಸಕ್ಕೆ ಹೊರಡಿ. ನಮಸ್ಕಾರ.